ಅಡಿಟಿವ್ ಬಾಟಲಿಯ ಮುಚ್ಚಳ ತೆಗೆಯುವ ಮೊದಲು

ಗಾಡಿಯನ್ನು ಸರ್ವೀಸಿಗೆ ಬಿಟ್ಟು ಬಸ್ಸು ಹಿಡಿಯುವ ಅವಸರದಲ್ಲಿರುವಾಗಲೇ ಆ ಪ್ರಶ್ನೆ ಬರುತ್ತದೆ: “ಮೇಡಂ, ಅಡಿಟಿವ್ ಹಾಕಿಬಿಡಲೇ? ಎಂಜಿನ್ ನುಣ್ಣಗೆ ಓಡುತ್ತದೆ.” ಹೊರಗೆ ಮಳೆ, ಆಲ್ದೂರಿನ ಬಸ್ಸು ಹೊರಡಲು ಐದೇ ನಿಮಿಷ. ಆಯಿಲಿಗೋ ಇಂಧನಕ್ಕೋ ಮೇಲಿನಿಂದ ಬೆರೆಸುವ ಆ ದ್ರಾವಣ ಬೇಕೇ ಎಂದು ಯೋಚಿಸದೆ ಹೂಂ ಎಂದುಬಿಡುತ್ತೇವೆ. ಸಂಜೆ ಬಿಲ್ಲು ನೋಡಿದರೆ ‘ಎಂಜಿನ್ ಫ್ಲಶ್’, ‘ಆಯಿಲ್ ಟ್ರೀಟ್‌ಮೆಂಟ್’, ‘ಫ್ಯುಯೆಲ್ ಅಡಿಟಿವ್’ ಎಂಬ ಮೂರು ಸಾಲುಗಳು ಹೊಸದಾಗಿ ಸೇರಿಕೊಂಡಿರುತ್ತವೆ.

ನಮ್ಮ ಚಿಕ್ಕಮಗಳೂರು ಕಡೆಯ ಕಾಫಿ ತೋಟದ ಮನೆಗಳಲ್ಲಿ ಎಂಜಿನ್ ಎಂದರೆ ಒಂದಲ್ಲ. ಅಪ್ಪನ ಕಾಲದ ಡೀಸೆಲ್ ಜೀಪು, ಹೊಸ ಹೊಗೆ ನಿಯಮದ ಬಿಎಸ್6 ಪಿಕಪ್ ವ್ಯಾನು, ತಮ್ಮನ ಬೈಕು, ನನ್ನ ಸ್ಕೂಟರ್, ಸ್ಪ್ರಿಂಕ್ಲರಿನ ಪಂಪ್‌ಸೆಟ್, ಕಳೆ ಕತ್ತರಿಸುವ ಯಂತ್ರ. ಜೀಪು ಸಹಿಸಿಕೊಳ್ಳುವುದನ್ನು ಪಿಕಪ್ ವ್ಯಾನು ಸಹಿಸುವುದಿಲ್ಲ, ಸ್ಕೂಟರಿಗೆ ಒಗ್ಗುವುದು ಬೈಕಿಗೆ ಒಗ್ಗುವುದಿಲ್ಲ. ಆದ್ದರಿಂದ ‘ಹಾಕಬೇಕೇ, ಬೇಡವೇ’ ಎಂದು ಒಂದೇ ಮಾತಿನಲ್ಲಿ ಹೇಳಲಾಗದು. ಆದರೆ ಯಾವ ಕಾಯಿಲೆಗೆ ಈ ಔಷಧ ಎಂದು ಹೆಸರು ಹಿಡಿದು ಹೇಳಲು ಆಗುವವರೆಗೆ ಯಾವ ಬಾಟಲಿಯ ಮುಚ್ಚಳವನ್ನೂ ತೆಗೆಯಬೇಡಿ ಎಂಬುದನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ. ಆ ಹೆಸರು ಕಂಡುಹಿಡಿಯುವ ಕ್ರಮ ಇಲ್ಲಿದೆ.

1. ಕಾಯಿಲೆ ಇದೆಯೇ ಎಂದು ಮೊದಲು ಅಳೆಯಿರಿ

‘ಮೈಲೇಜ್ ಬರುತ್ತಿಲ್ಲ’ ಎಂಬುದು ಅನಿಸಿಕೆಯೋ ಲೆಕ್ಕವೋ? ಒಂದೇ ಬಂಕಿನಲ್ಲಿ, ಪೆಟ್ರೋಲ್ ನಳಿಕೆ ತಾನಾಗಿ ನಿಲ್ಲುವವರೆಗೆ ಟ್ಯಾಂಕ್ ತುಂಬಿಸಿ, ಓಡಿದ ಕಿಲೋಮೀಟರ್ ಬರೆದುಕೊಳ್ಳಿ. ಎಂದಿನಂತೆ ಓಡಿಸಿ, ಮತ್ತೆ ಅದೇ ಬಂಕಿನಲ್ಲಿ ಹಾಗೆಯೇ ತುಂಬಿಸಿ. ಓಡಿದ ದೂರವನ್ನು ಎರಡನೆಯ ಸಲ ಹಿಡಿಸಿದ ಲೀಟರಿನಿಂದ ಭಾಗಿಸಿ. ಹೀಗೆ ಮೂರು ಸಲ ಮಾಡಿದರೆ ನಂಬಬಹುದಾದ ಸಂಖ್ಯೆ ಸಿಗುತ್ತದೆ. ಒಂದು ವಾರ ಕಡೂರಿನ ಬಯಲು ರಸ್ತೆ, ಇನ್ನೊಂದು ವಾರ ಚಾರ್ಮಾಡಿ ಘಾಟಿಯಾದರೆ ಎರಡನ್ನೂ ಹೋಲಿಸಬೇಡಿ. ಘಾಟಿ ಇಳಿಯುವಾಗ ಎಂಜಿನ್ ಕುಡಿಯುವುದೇ ಬೇರೆ, ಹತ್ತುವಾಗ ಕುಡಿಯುವುದೇ ಬೇರೆ.

ಗಿರಿಯ ಮೇಲೆ ಗಾಡಿ ಎಳೆಯುವುದಿಲ್ಲ ಎಂಬ ದೂರು ಬಹಳ ಸಾಮಾನ್ಯ. ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಐದನೇ ನಾಲ್ಕು ಪಾಲು ಮಾತ್ರ. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಎಂಜಿನ್ ಪ್ರತಿ ಉಸಿರಿಗೂ ಅಷ್ಟು ಕಡಿಮೆ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ, ಅಷ್ಟೇ ಕಡಿಮೆ ಶಕ್ತಿ ಕೊಡುತ್ತದೆ. ಮಂಗಳೂರಿನಿಂದ ಬಂದ ಕಾರು ಕೈಮರ ದಾಟಿ ಮೇಲೇರುವಾಗ ಏದುಸಿರು ಬಿಟ್ಟರೆ ಅದಕ್ಕೆ ಏನೂ ಆಗಿಲ್ಲ. ಗಾಳಿಯ ಕೊರತೆಯನ್ನು ಯಾವ ದ್ರಾವಣವೂ ತುಂಬಿಕೊಡುವುದಿಲ್ಲ.

ಮೈಲೇಜ್ ನಿಜಕ್ಕೂ ಇಳಿದಿದೆ ಎಂದಾದರೆ ಟೈರಿನ ಗಾಳಿ, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಸದಾ ಉಜ್ಜುತ್ತಿರುವ ಬ್ರೇಕ್, ಬೈಕಿನ ಚೈನ್ ಇವನ್ನು ನೋಡಿಸಿ. ನಮ್ಮ ಜೀಪು ಒಮ್ಮೆ ಕಪ್ಪು ಹೊಗೆ ಉಗುಳಲು ಶುರುಮಾಡಿತು. ಅಪ್ಪ ಡೀಸೆಲ್‌ಗೆ ಒಂದಾದ ಮೇಲೊಂದು ಎರಡು ಬಾಟಲಿ ಕ್ಲೀನರ್ ಸುರಿಸಿದರು. ಹೊಗೆ ಹಾಗೆಯೇ ಇತ್ತು. ಕೊನೆಗೆ ಪಕ್ಕದ ತೋಟದ ಹಳೆಯ ಡ್ರೈವರ್ ಬಂದು ಆಯಿಲ್ ಬಾತ್ ಏರ್ ಕ್ಲೀನರಿನ ಬಟ್ಟಲು ಬಿಚ್ಚಿದರು. ಬೇಸಿಗೆಯ ಧೂಳೆಲ್ಲ ಅದರಲ್ಲಿ ಕೆಸರಾಗಿ ಕೂತಿತ್ತು. ಬಟ್ಟಲು ತೊಳೆದು ಹೊಸ ಎಣ್ಣೆ ಹಾಕಿದ ಸಂಜೆಯೇ ಹೊಗೆ ನಿಂತಿತು. ಅಂದಿನಿಂದ ನಾನು ಹೊಗೆಯ ಬಣ್ಣವನ್ನು ಮೊದಲು ನೋಡುತ್ತೇನೆ. ಕಪ್ಪು ಹೊಗೆ ಬಂದರೆ ಗಾಳಿ ಸಾಲದು ಅಥವಾ ಇಂಧನ ಹೆಚ್ಚಾಗಿದೆ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಡದೆ ಬಿಳಿ ಹೊಗೆ ಬರುತ್ತಿದ್ದು ಎಂಜಿನ್ ತಣಿಸುವ ಕೂಲಂಟ್ ಕೂಡ ಇಳಿಯುತ್ತಿದ್ದರೆ ಎಂಜಿನ್ ತಲೆಭಾಗದ ಸೀಲಾದ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕು.

2. ಆಯಿಲ್ ಡಬ್ಬಿಯಲ್ಲೇ ಏನಿದೆ ಎಂದು ತಿಳಿಯಿರಿ

ಎಂಜಿನ್ ಆಯಿಲ್ ಬರಿಯ ಎಣ್ಣೆಯಲ್ಲ. ಅದರಲ್ಲಿ ಸಾಮಾನ್ಯವಾಗಿ ಶೇ 10ರಿಂದ 25ರಷ್ಟು ಪಾಲು ಅಡಿಟಿವ್‌ಗಳೇ. ಕೊಳೆ ಅಂಟದಂತೆ ನೋಡಿಕೊಳ್ಳುವ ಕ್ಯಾಲ್ಸಿಯಂ ಅಥವಾ ಮೆಗ್ನೀಷಿಯಂನ ಡಿಟರ್ಜೆಂಟ್, ಮಸಿಯನ್ನು ಉಂಡೆಗಟ್ಟಲು ಬಿಡದೆ ತೇಲಿಸಿಡುವ ಡಿಸ್ಪರ್ಸೆಂಟ್, ಲೋಹಕ್ಕೆ ಲೋಹ ಉಜ್ಜದಂತೆ ತೆಳು ಪದರ ಕಟ್ಟುವ ಸತು ಮತ್ತು ರಂಜಕದ ಸಂಯುಕ್ತ, ನೊರೆ ತಡೆಯುವುದು, ತುಕ್ಕು ತಡೆಯುವುದು, ಬಿಸಿಗೆ ಎಣ್ಣೆ ನೀರಾಗದಂತೆ ಹಿಡಿಯುವುದು. ಇಷ್ಟೂ ಡಬ್ಬಿಯೊಳಗೆ ಹದವಾಗಿ ಬೆರೆತಿರುತ್ತವೆ.

ಈ ಹದವನ್ನು ಪರೀಕ್ಷಿಸಿಯೇ ಡಬ್ಬಿಯ ಹಿಂದೆ ಅಕ್ಷರಗಳನ್ನು ಮುದ್ರಿಸುತ್ತಾರೆ. ‘ಎಪಿಐ’ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ದರ್ಜೆ) ಎಂದಿರುವ ಕಡೆ ‘ಎಸ್’ನಿಂದ ಶುರುವಾಗುವುದು ಪೆಟ್ರೋಲ್ ಎಂಜಿನ್ನಿಗೆ, ‘ಸಿ’ಯಿಂದ ಶುರುವಾಗುವುದು ಡೀಸೆಲ್‌ಗೆ. 2010ರಲ್ಲಿ ಬಂದ ಎಸ್‌ಎನ್‌ಗಿಂತ 2020ರ ಎಸ್‌ಪಿ ಹೊಸದು. ಮೇಲಿನಿಂದ ಇನ್ನೊಂದು ಬಾಟಲಿ ಸುರಿದರೆ ಪರೀಕ್ಷೆಗೆ ಒಳಗಾದ ಎಣ್ಣೆ ಅದಲ್ಲ. ಹೊಸ ರಾಸಾಯನಿಕವು ಒಳಗಿರುವುದರ ಜೊತೆ ಲೋಹದ ಮೇಲಿನ ಜಾಗಕ್ಕೆ ಜಗಳವಾಡಬಹುದು, ಆಯಿಲಿನ ದಪ್ಪ ಏರುಪೇರಾಗಬಹುದು.

‘ಎಂಜಿನ್ ಕೋಟಿಂಗ್’ ಎಂದು ಮಾರುವ, ನಾನ್‌ಸ್ಟಿಕ್ ಕಾವಲಿಯ ಪಿಟಿಎಫ್‌ಇ ಪುಡಿ ಇರುವ ದ್ರಾವಣಗಳ ಬಗ್ಗೆ ಒಂದು ಹಳೆಯ ಪ್ರಕರಣ ನೆನಪಿಡಬೇಕು. ಅಮೆರಿಕದಲ್ಲಿ ಸ್ಲಿಕ್ 50 ಎಂಬ ಬಾಟಲಿ ಎಂಜಿನ್ ಸವೆತವನ್ನು ಶೇ 50ರವರೆಗೆ ತಗ್ಗಿಸುತ್ತದೆ ಎಂಬ ಜಾಹೀರಾತಿನೊಂದಿಗೆ ಮಾರಾಟವಾಗುತ್ತಿತ್ತು. ಅದಕ್ಕೆ ತಕ್ಕ ಆಧಾರವಿಲ್ಲ ಎಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆರೋಪ ಹೊರಿಸಿತು. 1997ರಲ್ಲಿ ಕಂಪನಿ ರಾಜಿಗೆ ಬಂದು ಅಂಥ ಮಾತು ನಿಲ್ಲಿಸಲು ಒಪ್ಪಬೇಕಾಯಿತು.

ಹಾಗಾದರೆ ಎಣ್ಣೆಯ ವಿಷಯದಲ್ಲಿ ನೀವು ಮಾಡಬೇಕಾದದ್ದು ಇಷ್ಟೇ: ಗಾಡಿಯ ಕೈಪಿಡಿ ತೆಗೆದು, ಹೇಳಿರುವ ದಪ್ಪ (10ಡಬ್ಲ್ಯು-30, 5ಡಬ್ಲ್ಯು-30 ಇತ್ಯಾದಿ) ಮತ್ತು ದರ್ಜೆಯನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಬಾಟಲಿಗೆ ಕೊಡುವ ಹಣ ಕೈಯಲ್ಲಿದ್ದರೆ ಎಣ್ಣೆಯನ್ನು ಅವಧಿಗಿಂತ ಸ್ವಲ್ಪ ಮೊದಲೇ ಬದಲಿಸಿ. ಕೆಸರು, ಧೂಳು, ಮೊದಲ ಗೇರಿನ ಓಡಾಟ ಇರುವ ತೋಟದ ಗಾಡಿಗೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ.

3. ಬೈಕ್ ಇದ್ದವರು ಇಲ್ಲಿ ನಿಂತು ಓದಿ

ಬಹುತೇಕ ಬೈಕುಗಳಲ್ಲಿ ಎಂಜಿನ್, ಗೇರ್ ಬಾಕ್ಸ್, ಕ್ಲಚ್ ಮೂರಕ್ಕೂ ಒಂದೇ ಎಣ್ಣೆ. ಕ್ಲಚ್ ಪ್ಲೇಟ್‌ಗಳು ಆ ಎಣ್ಣೆಯಲ್ಲಿ ಮುಳುಗಿಕೊಂಡೇ ಒಂದನ್ನೊಂದು ಹಿಡಿಯಬೇಕು. ಘರ್ಷಣೆ ಕಡಿಮೆ ಮಾಡುವ ಅಡಿಟಿವ್ ಹಾಕಿದರೆ ಪಿಸ್ಟನ್ ಜಾರುವುದರ ಜೊತೆಗೆ ಕ್ಲಚ್ ಕೂಡ ಜಾರುತ್ತದೆ. ತಮ್ಮನ ಬೈಕಿಗೆ ಯಾವುದೋ ಗ್ಯಾರೇಜಿನಲ್ಲಿ ಇಂಥದ್ದೊಂದು ಹಾಕಿದ್ದರು. ಬಯಲಿನಲ್ಲಿ ಏನೂ ತಿಳಿಯಲಿಲ್ಲ. ಸೀತಾಳಯ್ಯನಗಿರಿಯ ಏರಿನಲ್ಲಿ ಎಂಜಿನ್ ಕಿರುಚುತ್ತಿದೆ, ಚಕ್ರ ತಿರುಗುತ್ತಿಲ್ಲ. ಹಿಂದೆ ಅಮ್ಮ ಕೂತಿದ್ದರು, ಪಕ್ಕದಲ್ಲಿ ಪ್ರಪಾತ. ಆಯಿಲ್ ಬದಲಿಸಿ ಕ್ಲಚ್ ಪ್ಲೇಟ್‌ಗಳನ್ನೂ ಹೊಸದಾಗಿ ಹಾಕಿಸಬೇಕಾಯಿತು. ನಾನು ಈ ಲೇಖನ ಬರೆಯಲು ಕೂತದ್ದೇ ಆ ದಿನದ ನೆನಪಿನಿಂದ.

ಬೈಕಿನ ಆಯಿಲ್ ಡಬ್ಬಿಯ ಮೇಲೆ ‘ಜಾಸೊ ಎಂಎ’ ಅಥವಾ ‘ಎಂಎ2’ ಎಂದಿರಬೇಕು. ಎಣ್ಣೆಯಲ್ಲಿ ಮುಳುಗಿದ ಕ್ಲಚ್‌ಗೆ ಹೊಂದುವ ಎಣ್ಣೆ ಎಂಬುದಕ್ಕೆ ಅದೇ ಗುರುತು. ಬೆಲ್ಟಿನಿಂದ ಓಡುವ ಗೇರ್‌ಲೆಸ್ ಸ್ಕೂಟರಿನ ಕ್ಲಚ್ ಎಣ್ಣೆಯಿಂದ ಹೊರಗಿರುವುದರಿಂದ ಅದಕ್ಕೆ ‘ಎಂಬಿ’ ನಡೆಯುತ್ತದೆ. ಸ್ಕೂಟರಿಗೆ ತಂದು ಉಳಿದ ಎಂಬಿ ಆಯಿಲನ್ನು ಬೈಕಿಗೆ ಹಾಕುವುದು, ಕಾರಿನ ಆಯಿಲ್ ಹಾಕುವುದು ಎರಡೂ ಬೇಡ. ಬೈಕಿನ ಆಯಿಲಿಗೆ ಬಾಟಲಿ ಎಂದರೆ ನನ್ನ ಉತ್ತರ ಬೇಡವೇ ಬೇಡ.

4. ಬಿಎಸ್6 ಕಾರು ಮತ್ತು ಪಿಕಪ್ ವ್ಯಾನಿನ ಆಯಿಲ್

2020ರ ಏಪ್ರಿಲ್ 1ರಿಂದ ಮಾರಾಟವಾದ ಹೊಸ ಕಾರು, ವ್ಯಾನುಗಳೆಲ್ಲ ಬಿಎಸ್6. ಎಂಜಿನ್ನನ್ನು ಸವೆತದಿಂದ ಕಾಯುವ ಅದೇ ರಂಜಕ, ಉರಿದು ಹೊಗೆಯ ಜೊತೆ ಹೊರಟಾಗ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರಿನ ಒಳಮೈಗೆ ಅಂಟಿ ಅದನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಅದಕ್ಕೇ ಇಂದಿನ ತೆಳು ಪೆಟ್ರೋಲ್ ಎಂಜಿನ್ ಆಯಿಲ್‌ಗಳಲ್ಲಿ ರಂಜಕ ಶೇ 0.08 ದಾಟಬಾರದು ಎಂಬ ಮಿತಿ ಇದೆ. ಸತು, ರಂಜಕ ತುಂಬಿದ ಬಾಟಲಿಯನ್ನು ಮೇಲಿನಿಂದ ಸುರಿಯುವುದು ಈ ಎಚ್ಚರವನ್ನೆಲ್ಲ ಹೊಳೆಗೆ ಹಾಕಿದಂತೆ.

ಡೀಸೆಲ್ ಗಾಡಿಯಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇದೆ. ಹಂಡೆ ಒಲೆ ಉರಿಸುವವರಿಗೆ ಇದು ಬೇಗ ಅರ್ಥವಾಗುತ್ತದೆ. ಮಸಿಗೆ ಇನ್ನೊಮ್ಮೆ ಬೆಂಕಿ ತಾಕಿದರೆ ಉರಿದುಹೋಗುತ್ತದೆ. ಬೂದಿ ಉರಿಯುವುದಿಲ್ಲ, ಮೊಗೆದು ಹೊರಗೆ ಹಾಕಬೇಕು. ಡಿಪಿಎಫ್ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಆಯಿಲಿನ ಲೋಹದ ಅಡಿಟಿವ್‌ಗಳು ಉರಿದು ಉಳಿಯುವ ಬೂದಿ ಮಾತ್ರ ಅಲ್ಲೇ ಕೂರುತ್ತದೆ. ಅದಕ್ಕಾಗಿ ಇಂಥ ಗಾಡಿಗಳಿಗೆ ಕಡಿಮೆ ಬೂದಿಯ ಎಣ್ಣೆಯನ್ನೇ ಕೈಪಿಡಿ ಕೇಳುತ್ತದೆ. ಅದಕ್ಕೆ ಬೇರೆ ಅಡಿಟಿವ್ ಬೆರೆಸಿದರೆ ಫಿಲ್ಟರಿನ ಆಯುಷ್ಯ ಕಡಿಮೆಯಾಗುತ್ತದೆ, ಹೊಸ ಫಿಲ್ಟರ್ ಬಲು ದುಬಾರಿ. ವಾರಂಟಿಯ ತಕರಾರು ಬೇರೆ ಬರಬಹುದು.

ತೋಟದಿಂದ ಊರಿಗೆ ನಾಲ್ಕೈದು ಕಿಲೋಮೀಟರ್ ಮಾತ್ರ ಓಡುವ ಡೀಸೆಲ್ ಗಾಡಿಯಲ್ಲಿ ಡಿಪಿಎಫ್ ದೀಪ ಹತ್ತುವುದಕ್ಕೂ ಬಾಟಲಿ ಮಾರುವವರಿದ್ದಾರೆ. ಮಸಿ ಸುಡುವಷ್ಟು ಫಿಲ್ಟರ್ ಬಿಸಿಯಾಗುತ್ತಿಲ್ಲ ಎಂಬುದೇ ಅಲ್ಲಿನ ತೊಂದರೆ. ಕೈಪಿಡಿ ಹೇಳುವ ವೇಗದಲ್ಲಿ, ಸಾಮಾನ್ಯವಾಗಿ ಗಂಟೆಗೆ 60 ಕಿ.ಮೀ. ಮೇಲೆ, ಹದಿನೈದು ಇಪ್ಪತ್ತು ನಿಮಿಷ ಎಡೆಬಿಡದೆ ಓಡಿಸಬೇಕು. ಸಖರಾಯಪಟ್ಟಣದ ಕಡೆಯ ರಸ್ತೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ಏರುತ್ತಿದ್ದು ಡೀಸೆಲ್ ವಾಸನೆ ಬಂದರೆ, ಅರ್ಧಕ್ಕೇ ನಿಂತ ಈ ಸುಡುವಿಕೆಯಿಂದ ಡೀಸೆಲ್ ಆಯಿಲಿಗೆ ಇಳಿದಿದೆ ಎಂದರ್ಥ. ತಡಮಾಡದೆ ಆಯಿಲ್ ಬದಲಿಸಿ.

ಮಳೆಗಾಲದಲ್ಲಿ ಆಯಿಲ್ ಮುಚ್ಚಳದ ಒಳಗೆ ಬೆಣ್ಣೆಯಂಥ ಬಿಳಿ ಪದಾರ್ಥ ಕಂಡು ಗಾಬರಿಯಾಗುವವರೂ ಇದ್ದಾರೆ. ಕೂಲಂಟ್ ಮಟ್ಟ ಸರಿಯಿದ್ದರೆ ಅದು ಸಾಮಾನ್ಯವಾಗಿ ಒಳಗೆ ಹನಿಗಟ್ಟಿದ ತೇವ ಎಣ್ಣೆಗೆ ಬೆರೆತದ್ದು. ಒಂದು ದೂರದ ಪ್ರಯಾಣದಲ್ಲಿ ಎಂಜಿನ್ ಚೆನ್ನಾಗಿ ಕಾದರೆ ಆರಿಹೋಗುತ್ತದೆ.

5. ಪೆಟ್ರೋಲ್‌ಗೆ ಹಾಕುವ ಬಾಟಲಿ

ಇಲ್ಲಿ ನನ್ನ ನಿಲುವು ಸ್ವಲ್ಪ ಮೆದು, ಏಕೆಂದರೆ ಕೆಲಸ ಮಾಡುವ ಒಂದು ರಾಸಾಯನಿಕ ಇದೆ: ಪಾಲಿಈಥರ್‌ಅಮೈನ್, ಚುಟುಕಾಗಿ ಪಿಇಎ. ಇಂಧನ ಚಿಮ್ಮುವ ಇಂಜೆಕ್ಟರಿನ ತುದಿಯಲ್ಲಿ, ಗಾಳಿ ಒಳಬಿಡುವ ಇನ್‌ಟೇಕ್ ವಾಲ್ವಿನ ಹಿಂಬದಿಯಲ್ಲಿ ಕಟ್ಟಿದ ಕಿಟ್ಟವನ್ನು ಅದು ಕರಗಿಸುತ್ತದೆ. ಗಾಡಿ ಮೂವತ್ತು ನಲವತ್ತು ಸಾವಿರ ಕಿಲೋಮೀಟರ್ ಓಡಿದೆ, ಬೆಳಗಿನ ಚಳಿಯಲ್ಲಿ ತಡವರಿಸುತ್ತದೆ, ನಿಂತಲ್ಲಿ ನಡುಗುತ್ತದೆ, ಪ್ಲಗ್ ಮತ್ತು ಏರ್ ಫಿಲ್ಟರ್ ಹೊಸದು ಎಂದಾದರೆ ಪಿಇಎ ಇರುವ ಕ್ಲೀನರ್ ಒಮ್ಮೆ ಹಾಕಿ ನೋಡುವುದು ತಪ್ಪಲ್ಲ. ಕ್ರಮ ಹೀಗಿರಲಿ: ಲೇಬಲ್ಲಿನಲ್ಲಿ ಪಿಇಎ ಹೆಸರಿದೆಯೇ ನೋಡಿ, ಟ್ಯಾಂಕ್ ಬಹುಪಾಲು ಖಾಲಿಯಿರುವಾಗ ಬಾಟಲಿ ಹಾಕಿ, ಮೇಲೆ ಪೂರ್ತಿ ಪೆಟ್ರೋಲ್ ತುಂಬಿಸಿ, ಆ ಟ್ಯಾಂಕನ್ನು ಬೇಲೂರು, ಹಾಸನದ ಕಡೆಗೆ ಉದ್ದನೆಯ ಓಟದಲ್ಲೇ ಮುಗಿಸಿ. ಆಯಿಲ್ ಬದಲಿಸುವ ಸಮಯಕ್ಕೆ ಸ್ವಲ್ಪ ಮುಂಚೆ ಮಾಡಿದರೆ, ಎಣ್ಣೆಗೆ ಇಳಿದ ಕ್ಲೀನರ್ ಹಳೆಯ ಎಣ್ಣೆಯ ಜೊತೆ ಹೊರಹೋಗುತ್ತದೆ. ಹೇಳಿದ ಪ್ರಮಾಣಕ್ಕಿಂತ ಹೆಚ್ಚು ಹಾಕಬೇಡಿ. ಒಂದೆರಡು ಟ್ಯಾಂಕ್‌ಗಳಲ್ಲಿ ಬದಲಾವಣೆ ಕಾಣದಿದ್ದರೆ ಕಾಯಿಲೆ ಬೇರೆಲ್ಲೋ ಇದೆ. ಸಿಲಿಂಡರಿನೊಳಕ್ಕೆ ನೇರವಾಗಿ ಪೆಟ್ರೋಲ್ ಚಿಮ್ಮುವ ಎಂಜಿನ್‌ಗಳಲ್ಲಿ ವಾಲ್ವಿನ ಹಿಂಬದಿಗೆ ಪೆಟ್ರೋಲ್ ತಾಗುವುದೇ ಇಲ್ಲ. ಅಲ್ಲಿನ ಕಿಟ್ಟವನ್ನು ಟ್ಯಾಂಕಿಗೆ ಹಾಕಿದ ಕ್ಲೀನರ್ ಮುಟ್ಟುವುದಿಲ್ಲ.

ಪ್ರತಿ ಟ್ಯಾಂಕಿಗೂ ಹಾಕಿದರೆ ಮೈಲೇಜಿನಲ್ಲಿ ಹಣ ವಾಪಸ್ ಬರುತ್ತದೆ ಎನ್ನುವವರಿಗೆ ಲೆಕ್ಕ ಕೇಳಿ. 400 ರೂಪಾಯಿಯ ಬಾಟಲಿ 40 ಲೀಟರಿಗೆ ಎಂದರೆ ಲೀಟರಿಗೆ 10 ರೂಪಾಯಿ. ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ ಎಂದಿಟ್ಟುಕೊಂಡರೂ ಶೇ 10ರಷ್ಟು ಮೈಲೇಜ್ ಏರಿದರೆ ಮಾತ್ರ ಹಾಕಿದ ದುಡ್ಡಿಗೆ ಸಮ. ಹದಿನೈದು ಕೊಡುವ ಕಾರು ಹದಿನಾರೂವರೆ ಕೊಡಬೇಕು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಧನ ಉಳಿಸುವುದಾಗಿ ಹೇಳಿಕೊಂಡ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿ, ಗಮನಾರ್ಹ ಉಳಿತಾಯ ಕೊಡುವ ಒಂದನ್ನೂ ಕಾಣಲಿಲ್ಲ.

ಆಕ್ಟೇನ್ ಬೂಸ್ಟರ್ ಸಾಮಾನ್ಯ ಗಾಡಿಗೆ ಬೇಡ. ಆಕ್ಟೇನ್ ಎಂದರೆ ಶಕ್ತಿಯಲ್ಲ, ಪೆಟ್ರೋಲ್ ಹೊತ್ತಿಗೆ ಮೊದಲೇ ಸಿಡಿಯದಂತೆ ತಡೆಯುವ ಗುಣ. ಮ್ಯಾಂಗನೀಸ್ ಅಥವಾ ಕಬ್ಬಿಣದ ಸಂಯುಕ್ತವಿರುವ ಬೂಸ್ಟರ್‌ಗಳು ಪ್ಲಗ್ಗಿನ ಮೇಲೆ ಪದರ ಕಟ್ಟುತ್ತವೆ. ಆಕ್ಟೇನ್ ಏರಿಸುವ ಕೆಲಸಕ್ಕೇ ದಶಕಗಳ ಕಾಲ ಪೆಟ್ರೋಲ್‌ಗೆ ಸೀಸ ಬೆರೆಸುತ್ತಿದ್ದರು. ಅದು ಕೆಲಸವನ್ನೇನೋ ಮಾಡುತ್ತಿತ್ತು, ಜೊತೆಗೆ ಮಕ್ಕಳ ಮೆದುಳನ್ನೂ ಕೆಡಿಸುತ್ತಿತ್ತು. ಭಾರತ ಅದನ್ನು ಪೂರ್ತಿ ಕೈಬಿಟ್ಟದ್ದು 2000ದಲ್ಲಿ.

ಶೇ 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲ್ ಬಂದ ಮೇಲೆ ‘ಎಥನಾಲ್ ರಕ್ಷಕ’ ಎಂಬ ಬಾಟಲಿಗಳೂ ಅಂಗಡಿಗೆ ಬಂದಿವೆ. ಒಂದು ಲೀಟರ್ ಎಥನಾಲಿನಲ್ಲಿರುವ ಶಾಖಶಕ್ತಿ ಪೆಟ್ರೋಲಿನದಕ್ಕಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಐದರಲ್ಲಿ ಒಂದು ಪಾಲು ಅದೇ ಆದಾಗ ಲೀಟರಿನ ಶಕ್ತಿ ಶೇ 6–7ರಷ್ಟು ಇಳಿಯುತ್ತದೆ. ಅದನ್ನು ಒಂದು ಮುಚ್ಚಳ ದ್ರಾವಣ ಮರಳಿ ತರಲಾರದು. ಹಳೆಯ ಗಾಡಿಯಿದ್ದರೆ ಆ ಹಣದಲ್ಲಿ ಬಿರುಕು ಬಿಟ್ಟ ಪೆಟ್ರೋಲ್ ಪೈಪು ಮತ್ತು ರಬ್ಬರ್ ಸೀಲುಗಳನ್ನು ಬದಲಿಸಿ. ಎಥನಾಲ್ ನೀರನ್ನು ಹೀರುವುದರಿಂದ ಟ್ಯಾಂಕಿನ ಮುಚ್ಚಳದ ವಾಷರ್ ಸರಿಯಿದೆಯೇ ಎಂದು ಮಳೆಗಾಲಕ್ಕೆ ಮೊದಲೇ ನೋಡಿಸಿ. ಮುಚ್ಚಳದ ಸಂದಿನಿಂದ ಇಳಿದ ನೀರು ಟ್ಯಾಂಕಿನ ತಳದಲ್ಲಿ ಎಥನಾಲನ್ನು ಸೆಳೆದುಕೊಂಡು ಬೇರೆಯಾಗಿ ನಿಂತರೆ, ಪೂರ್ತಿ ಖಾಲಿ ಮಾಡಿ ಒರೆಸುವುದೊಂದೇ ದಾರಿ.

ಪೆಟ್ರೋಲ್ ಮೇಲೆಯೇ ಅನುಮಾನವಿದ್ದರೆ ಬಂಕಿನಲ್ಲಿ ಫಿಲ್ಟರ್ ಪೇಪರ್ ಕೇಳಿ. ಅದನ್ನು ಕೊಡಬೇಕಾದದ್ದು ಅವರ ಕರ್ತವ್ಯ. ನಳಿಕೆಯ ತುದಿ ಒರೆಸಿ ಒಂದು ಹನಿ ಬಿಟ್ಟರೆ ಕೆಲವು ನಿಮಿಷಗಳಲ್ಲಿ ಕಲೆ ಉಳಿಯದೆ ಆರಬೇಕು.

6. ಡೀಸೆಲ್‌ನಲ್ಲಿ ನೀರು

ಡೀಸೆಲ್ ಗಾಡಿಗೆ ಮಲೆನಾಡಿನ ಮೊದಲ ಶತ್ರು ನೀರು. ಶೆಡ್ಡಿನ ಡ್ರಮ್ಮಿನಲ್ಲಿ ಅರ್ಧ ಉಳಿದ ಡೀಸೆಲ್ ಮೇಲೆ ಆಷಾಢದ ತೇವ ಹನಿಗಟ್ಟಿ ತಳಕ್ಕಿಳಿಯುತ್ತದೆ. ನೀರು ಮತ್ತು ಡೀಸೆಲ್ ಕೂಡುವಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಾಗುತ್ತದೆ. ‘ನೀರು ತೆಗೆಯುವ’ ಬಾಟಲಿಗಳಲ್ಲಿ ಕೆಲವು ನೀರನ್ನು ತೆಗೆಯುವುದಿಲ್ಲ, ಸಣ್ಣ ಹನಿಗಳಾಗಿಸಿ ಡೀಸೆಲ್‌ನಲ್ಲೇ ತೇಲಿಸುತ್ತವೆ. ಸಾವಿರ ಬಾರ್‌ಗೂ ಮೀರಿದ ಒತ್ತಡದ ಕಾಮನ್ ರೈಲ್ ಇಂಜೆಕ್ಟರಿಗೆ ಆ ಹನಿಗಳೇ ಕಂಟಕ. ಡೀಸೆಲ್ ಫಿಲ್ಟರಿನ ಕೆಳಗಿನ ತಿರುಪನ್ನು ಸಡಿಲಿಸಿ ನೀರು ಇಳಿಸುವುದನ್ನು ಡ್ರೈವರ್‌ಗೆ ಕಲಿಸಿ. ಡ್ರಮ್ಮನ್ನು ತುಸು ಓರೆಯಾಗಿಟ್ಟು, ತಳದ ನಾಲ್ಕು ಬೆರಳಿನಷ್ಟನ್ನು ಗಾಡಿಗೆ ಹಾಕಬೇಡಿ. ಸೀಮೆಎಣ್ಣೆ, 2ಟಿ ಆಯಿಲ್ ಬೆರೆಸುವ ಹಳೆಯ ಅಭ್ಯಾಸವನ್ನು ಬಿಎಸ್6 ಗಾಡಿಯಲ್ಲಿ ಬಿಟ್ಟುಬಿಡಿ.

ನೀಲಿ ಮುಚ್ಚಳದ ಟ್ಯಾಂಕಿಗೆ ಹಾಕುವ ಡಿಇಎಫ್ ಇಂಧನದ ಅಡಿಟಿವ್ ಅಲ್ಲ. ಅದು ಶೇ 32.5ರ ಯೂರಿಯಾ ದ್ರಾವಣ, ಹೊಗೆ ಕೊಳವೆಗೆ ಸಲ್ಲುವಂಥದ್ದು. ತಪ್ಪಿ ಡೀಸೆಲ್ ಟ್ಯಾಂಕಿಗೆ ಬಿದ್ದರೆ ಕೀಲಿ ತಿರುಗಿಸದೆ ಗಾಡಿಯನ್ನು ಎಳೆಸಿಕೊಂಡು ಹೋಗಿ.

7. ಹಳೆಯ ಜೀಪು, ಹಳೆಯ ಕಾರು

ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದ ಹಳೆಯ ಎಂಜಿನ್ ಹೆಚ್ಚು ತಾಳಿಕೊಳ್ಳುತ್ತದೆ. ಒಣಗಿದ ಸೀಲನ್ನು ಉಬ್ಬಿಸಿ ಸೋರಿಕೆ ತಗ್ಗಿಸುವ ದ್ರಾವಣಕ್ಕೆ ಕೊಯ್ಲು ಮುಗಿಯುವವರೆಗೆ ಎಂಬಂಥ ತಾತ್ಕಾಲಿಕ ಉಪಯೋಗವಿದೆ. ಹೊಗೆ ಮರೆಮಾಚಲು ಹಾಕುವ ದಪ್ಪ ದ್ರಾವಣ ಮಾತ್ರ ಮಾರುವವರ ತಂತ್ರ. ಹಳೆಯ ಗಾಡಿ ಕೊಳ್ಳುವಾಗ ಡಿಪ್‌ಸ್ಟಿಕ್ಕಿನ ಆಯಿಲ್ ಜೋನಿಬೆಲ್ಲದಂತೆ ಎಳೆಯಾಗಿ ಇಳಿದರೆ ಎದ್ದು ಬನ್ನಿ. ಒಳಗಿನ ಕೆಸರು ತೊಳೆಯುವ ಎಂಜಿನ್ ಫ್ಲಶ್‌ಗಿಂತ, ಆಯಿಲ್ ಮತ್ತು ಫಿಲ್ಟರ್ ಬದಲಿಸಿ ಸಾವಿರ ಕಿಲೋಮೀಟರ್ ಓಡಿಸಿ ಮತ್ತೆ ಬದಲಿಸುವುದು ಸುರಕ್ಷಿತ. ವರ್ಷಗಳ ಕೆಸರು ಒಮ್ಮೆಲೇ ಎದ್ದರೆ ಆಯಿಲ್ ಪಂಪಿನ ಜರಡಿಗೆ ಸಿಕ್ಕಿಕೊಳ್ಳುತ್ತದೆ.

8. ಸರ್ವೀಸಿಗೆ ಬಿಡುವಾಗ

ಜಾಬ್ ಕಾರ್ಡಿನಲ್ಲೇ ‘ಕೇಳದೆ ಅಡಿಟಿವ್, ಫ್ಲಶ್, ಕೋಟಿಂಗ್ ಬೇಡ’ ಎಂದು ಬರೆಸಿ, ಅದರ ಫೋಟೊ ಇಟ್ಟುಕೊಳ್ಳಿ. ಬೇಕು ಎಂದು ಒತ್ತಾಯಿಸಿದರೆ, ಯಾವ ತೊಂದರೆಗೆ ಎಂದು ಕೇಳಿ, ಕೈಪಿಡಿಯ ಯಾವ ಪುಟದಲ್ಲಿದೆ ಎಂದು ತೋರಿಸಲು ಹೇಳಿ. ಕೆಲವು ಕಂಪನಿಗಳ ಕೈಪಿಡಿ ಇಂಥ ಸಂದರ್ಭದಲ್ಲಿ ಹಾಕಬಹುದು ಎಂದು ಹೇಳುತ್ತದೆ. ಹಾಗಿದ್ದರೆ ಹಾಕಿಸಿ. ಕೇಳುವ ಹುಡುಗನ ಮೇಲೆ ಸಿಟ್ಟಾಗಬೇಡಿ, ಅವನಿಗೂ ತಿಂಗಳ ಗುರಿ ಇರುತ್ತದೆ.

9. ಆರು ತಿಂಗಳು ಮಲಗುವ ಯಂತ್ರಗಳು

ಬಾಟಲಿಯ ಮಾತಿನಲ್ಲಿ ಇವನ್ನು ಯಾರೂ ನೆನೆಯುವುದಿಲ್ಲ, ಆದರೆ ನಮ್ಮ ಕಡೆ ಹಾಳಾಗುವುದು ಇವೇ ಹೆಚ್ಚು. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಫೆಬ್ರುವರಿ, ಮಾರ್ಚಿನಲ್ಲಿ ಹಗಲಿರುಳು ಓಡುವ ಪಂಪ್‌ಸೆಟ್ ಆಮೇಲೆ ವರ್ಷವಿಡೀ ಮೂಲೆ ಸೇರುತ್ತದೆ. ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ, ಮುಗಿದ ಮೇಲೆ ಗರಗಸದ ಯಂತ್ರವೂ ಅಷ್ಟೇ. ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲ್ ಆರಿ ಅಂಟಾಗುತ್ತದೆ, ನೀರು ಹೀರಿದ ಎಥನಾಲ್ ಒಳಗಿನ ಲೋಹವನ್ನು ತಿನ್ನುತ್ತದೆ. ಫ್ಯುಯೆಲ್ ಸ್ಟೆಬಿಲೈಸರ್ ಇದನ್ನು ನಿಧಾನಗೊಳಿಸುತ್ತದೆ. ಖರ್ಚಿಲ್ಲದ ಉಪಾಯವೆಂದರೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಎತ್ತಿಡುವುದು.

ಟೂ ಸ್ಟ್ರೋಕ್ ಕಳೆ ಯಂತ್ರಕ್ಕೆ ಮಾತ್ರ ಪೆಟ್ರೋಲ್‌ಗೆ ಎಣ್ಣೆ ಬೆರೆಸಲೇಬೇಕು, ಏಕೆಂದರೆ ಅದರ ಬೇರಿಂಗ್‌ಗೂ ಪಿಸ್ಟನ್‌ಗೂ ಬೇರೆ ಎಣ್ಣೆಯೇ ಇಲ್ಲ. 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿ, 25ಕ್ಕೆ 1 ಎಂದಿದ್ದರೆ 40 ಮಿಲಿ. ಅಂದಾಜಿಗೆ ಸುರಿಯದೆ ಅಳತೆಯ ಬಾಟಲಿಯಲ್ಲಿ ಅಳೆದು, ಚೆನ್ನಾಗಿ ಕುಲುಕಿ ಹಾಕಿ. ಒಂದು ವಾರದ ಕೆಲಸಕ್ಕೆ ಆಗುವಷ್ಟನ್ನೇ ಬೆರೆಸಿ, ಕ್ಯಾನಿನ ಮೇಲೆ ತಾರೀಖನ್ನೂ ‘ಟೂ ಸ್ಟ್ರೋಕ್’ ಎಂದೂ ದಪ್ಪಕ್ಷರದಲ್ಲಿ ಬರೆದಿಡಿ. ಬೆಳಗಿನ ಅವಸರದಲ್ಲಿ ಅದೇ ಕ್ಯಾನಿನಿಂದ ಸ್ಕೂಟರಿಗೆ ಹಾಕಿಕೊಳ್ಳುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ.